ಏಳನೇ ಕ್ಲಾಸಿಗೆ ಯುದ್ಧದ ಕಾದಂಬರಿ ಓದಿಸುತ್ತಿದ್ದೇನೆ, ಹುಡುಗರು ಸ್ಕೋರ್ ಕೇಳುತ್ತಾರೆ. ಏನು ಮಾಡಲಿ?

ಬೆಟ್ಟದ ಕೆಳಗಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಏಳನೇ ತರಗತಿ, 31 ಮಕ್ಕಳು. ಪಠ್ಯಪುಸ್ತಕದಲ್ಲಿ ಎಲ್ಲಾ ತುಂಡು ತುಂಡು. ಒಂದು ಕಥೆಯನ್ನಾದರೂ ಮಕ್ಕಳು ಮೊದಲಿಂದ ಕೊನೆವರೆಗೆ ಓದಲಿ ಅಂತ ಈ ವರ್ಷ ಒಂದು ಐತಿಹಾಸಿಕ ಕಾದಂಬರಿ ಹಿಡಿದೆ. ಮೂರನೇ ಮೈಸೂರು ಯುದ್ಧದ ಕಾಲದ್ದು. ನಂದಿದುರ್ಗದ ಮುತ್ತಿಗೆ ಅದರಲ್ಲಿ ಬರುತ್ತದೆ. ನಮ್ಮ ಕ್ಲಾಸಿನ ಕಿಟಕಿ ತೆಗೆದರೆ ಅದೇ ಬೆಟ್ಟ. ಇದಕ್ಕಿಂತ ಒಳ್ಳೆಯದು ಸಿಗಲ್ಲ ಅಂದುಕೊಂಡಿದ್ದೆ.

ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಲೇಖಕರ ಪರ, ಅರ್ಧ ಜನ ವಿರುದ್ಧ ನಿಂತು ನನ್ನ ಪ್ರಶ್ನೆ ಮೂಲೆ ಸೇರುತ್ತದೆ.

ಸಮಸ್ಯೆ ಇದು. ಲಗ್ಗೆಯ ಅಧ್ಯಾಯ ಜೋರಾಗಿ ಓದಿದೆ. ಹಿಂದಿನ ಬೆಂಚಿನವರು ಶಿಳ್ಳೆ ಹೊಡೆದರು. ಒಬ್ಬ ಎದ್ದು ನಿಂತು "ಸಾರ್, ನಮ್ಮ ಕಡೆ ಎಷ್ಟು, ಅವರ ಕಡೆ ಎಷ್ಟು?" ಅಂದ. ವಿಕೆಟ್ ಕೇಳಿದ ಹಾಗೆ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದಳು. ಆಮೇಲೆ ಗೊತ್ತಾಯಿತು, ಅವಳ ಅಣ್ಣ ಸೇನೆಗೆ ಸೇರಿ ಆರು ತಿಂಗಳಾಗಿದೆಯಂತೆ.

ಇಬ್ಬರಿಗೂ ಒಂದೇ ಅಧ್ಯಾಯ ಹೇಗೆ ಓದಿಸುವುದು? ಅನುಭವ ಇದ್ದವರು ಹೇಳಿ.

ತಟ್ಟೆ ಇಡ್ಲಿ ತುಮಕೂರು

ಸರ್ಕಾರಿ ಶಾಲೆಯಲ್ಲಿ ಇಡೀ ಕಾದಂಬರಿ! ಮೊದಲು ಕೈ ಕೊಡಿ ಮೇಷ್ಟ್ರೇ. ಎಷ್ಟು ಪ್ರತಿ ಇದೆ ನಿಮ್ಮ ಹತ್ತಿರ?

ಬೆಟ್ಟದ ಕೆಳಗಿನ ಮೇಷ್ಟ್ರು

ನಾಲ್ಕು. ಒಂದು ನನ್ನದು, ಎರಡು ಗ್ರಂಥಾಲಯದ್ದು, ಇನ್ನೊಂದಕ್ಕೆ ಮೊದಲ ಹನ್ನೆರಡು ಪುಟ ಇಲ್ಲ. ಅದಕ್ಕೇ ಜೋರಾಗಿ ಓದುವುದು.

ಕೋಲಾರದ ಅಮ್ಮ

ನಾನು ಟೀಚರ್ ಅಲ್ಲ, ತಾಯಿ. ಬೇಜಾರು ಮಾಡಿಕೊಳ್ಳಬೇಡಿ ಸಾರ್. ಹನ್ನೆರಡು ವರ್ಷದ ಮಕ್ಕಳಿಗೆ ರಕ್ತದ ಕಥೆ ಯಾಕೆ ಬೇಕು? ನನ್ನ ಮಗಳು ಇಂಥದ್ದೇ ಒಂದು ಪಾಠ ಓದಿ ಎರಡು ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಸ್ವಲ್ಪ ದೊಡ್ಡವರಾಗಲಿ, ಆಮೇಲೆ ಓದುತ್ತಾರೆ.

ಶಿಡ್ಲಘಟ್ಟ ಗೂಡು

ಅಕ್ಕ, ಆ ಮಕ್ಕಳು ಮನೆಗೆ ಹೋಗಿ ಫೋನಿನಲ್ಲಿ ಏನು ಆಡುತ್ತಾರೆ ಅಂತ ನೋಡಿದ್ದೀರಾ? ಅಲ್ಲಿ ಹತ್ತು ನಿಮಿಷಕ್ಕೆ ಮೂವತ್ತು ಜನ ಸಾಯುತ್ತಾರೆ, ಯಾರಿಗೂ ಹೆಸರಿಲ್ಲ. ಕಾದಂಬರಿಯಲ್ಲಿ ಸಾಯುವವನಿಗೆ ಕೊನೆ ಪಕ್ಷ ಒಬ್ಬ ತಾಯಿ ಇರುತ್ತಾಳೆ.

ಕೋಲಾರದ ಅಮ್ಮ

ಅದಕ್ಕೇ ಅಲ್ವಾ ಭಯ ಜಾಸ್ತಿ ಆಗುವುದು.

ಬಾಗೇಪಲ್ಲಿ ಮಿಸ್ಸು

ನನ್ನದು ಬೇರೆ ಕಷ್ಟ. ನಮ್ಮ ಮಕ್ಕಳ ಮನೆಮಾತು ತೆಲುಗು. ಕಾದಂಬರಿ ತೆಗೆದರೆ ಮೊದಲ ಪುಟದಲ್ಲೇ ಕೊತ್ತಲ, ಕಂದಕ, ಬುರುಜು, ದಿಡ್ಡಿಬಾಗಿಲು. ಒಂದು ಸಾಲು ಓದು, ಅದನ್ನು ತೆಲುಗಿನಲ್ಲಿ ಹೇಳು, ಮತ್ತೆ ಕನ್ನಡಕ್ಕೆ ಬಾ. ಯುದ್ಧ ಶುರು ಆಗುವಷ್ಟರಲ್ಲಿ ಬೆಲ್ ಹೊಡೆಯುತ್ತದೆ.

ಒಂದು ತಮಾಷೆ ಹೇಳುತ್ತೇನೆ. "ಲಗ್ಗೆ ಅಂದರೇನು?" ಅಂತ ಕೇಳಿದೆ. ಇಡೀ ಕ್ಲಾಸು ಕೈ ಎತ್ತಿತು. ನನಗೋ ಆಶ್ಚರ್ಯ. ಒಬ್ಬ ಹೇಳಿದ: "ಫೈನಲ್‌ಗೆ ಹೋಗೋದು ಮಿಸ್". ಪೇಪರಿನಲ್ಲಿ ದಿನಾ ಓದುವುದು ಅದೇ ತಾನೆ, ಫೈನಲ್‌ಗೆ ಲಗ್ಗೆ, ಸೆಮಿಫೈನಲ್‌ಗೆ ಲಗ್ಗೆ. ಮೇಷ್ಟ್ರೇ, ನಿಮ್ಮ ಹುಡುಗ ಸ್ಕೋರ್ ಕೇಳಿದ್ದರಲ್ಲಿ ಅವನ ತಪ್ಪೇನೂ ಇಲ್ಲ. ಆ ಪದಗಳನ್ನು ನಾವೇ ಸ್ಟೇಡಿಯಮ್ಮಿಗೆ ಬಿಟ್ಟುಬಿಟ್ಟಿದ್ದೇವೆ.

ಮಧುಗಿರಿ ಏಕಶಿಲೆ

ಹಹ್ಹಾ, ಇದು ನಿಜ. ಆದರೆ ಪದ ಹೇಳಿಕೊಡಲು ನಿಘಂಟು ಬೇಡ ಮಿಸ್, ಊರ ಹೆಸರು ಸಾಕು. ನಮ್ಮಲ್ಲಿ ದಂಡಿನ ಮಾರಮ್ಮನ ಜಾತ್ರೆಗೆ ಹೋಗದ ಮಗು ಇಲ್ಲ. "ದಂಡು ಅಂದರೇನು?" ಅಂತ ಕೇಳಿದರೆ ಬಾಯಿ ಬಿಡುತ್ತಾರೆ. ದಂಡು ಅಂದರೆ ಸೈನ್ಯ ಅಂತ ಹೇಳಿದ ದಿನ ಒಬ್ಬಳು "ಹಾಗಾದ್ರೆ ಬೆಂಗಳೂರು ದಂಡು ಸ್ಟೇಷನ್ನೂ ಅದೇನಾ?" ಅಂದಳು. ಆಮೇಲೆ ಪಾಳ್ಯ. ಪಾಳ್ಯ ಅಂದರೆ ಸೈನ್ಯ ಬೀಡು ಬಿಟ್ಟ ಜಾಗ. ಸುತ್ತಮುತ್ತಲ ಪಾಳ್ಯಗಳ ಪಟ್ಟಿ ಮಾಡಿ ಅಂದೆ, ಬೋರ್ಡಿನಲ್ಲಿ ಜಾಗ ಸಾಲಲಿಲ್ಲ.

ಗಡಿಬಿಡಿ ಗೌಡ

ಅದೆಲ್ಲಾ ಇರಲಿ. ಮೇಷ್ಟ್ರು ಯಾರ ಪರವಾಗಿ ಹೇಳಿಕೊಡುತ್ತಿದ್ದಾರೆ? ಟಿಪ್ಪು ಹೀರೋನಾ, ವಿಲನ್ನಾ? ಅದು ಮೊದಲು ಹೇಳಿ.

ತಟ್ಟೆ ಇಡ್ಲಿ ತುಮಕೂರು

ಬಂದರಪ್ಪಾ.

ನಿರ್ವಾಹಕರು

ಇಲ್ಲಿಂದ ಮುಂದಿನ ಒಂಬತ್ತು ಪ್ರತಿಕ್ರಿಯೆ ತೆಗೆದಿದ್ದೇವೆ. ಪ್ರಶ್ನೆ ಪಾಠ ಹೇಳಿಕೊಡುವುದರ ಬಗ್ಗೆ. ಅದಕ್ಕೆ ಉತ್ತರ ಇದ್ದವರು ಬರೆಯಿರಿ.

ಬೆಟ್ಟದ ಕೆಳಗಿನ ಮೇಷ್ಟ್ರು

ಗೌಡ್ರೇ, ಈ ಪ್ರಶ್ನೆ ನಮ್ಮ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲೂ ಬಂತು. ನಾನು ಹೇಳಿದ್ದು ಇಷ್ಟೇ. ಆ ಯುದ್ಧದಲ್ಲಿ ಒಂದು ಕಡೆ ಟಿಪ್ಪು. ಇನ್ನೊಂದು ಕಡೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ, ಮರಾಠರು, ನಿಜಾಮ ಮೂವರೂ ಸೇರಿದ್ದರು. ಕಂಪನಿಯ ಸೈನ್ಯದಲ್ಲೂ ಬಿಳಿಯರಿಗಿಂತ ಇಲ್ಲಿನ ಸಿಪಾಯಿಗಳೇ ಜಾಸ್ತಿ. ಹೈದರನ ಕಾಲದಲ್ಲಿ ಅಧಿಕಾರ ಕಳೆದುಕೊಂಡಿದ್ದ ನಮ್ಮ ಚಿಕ್ಕಬಳ್ಳಾಪುರದ ಪಾಳೇಗಾರರಿಗೆ 1791ರಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮತ್ತೆ ಅಧಿಕಾರ ಕೊಟ್ಟ. ಈಗ ಹೇಳಿ, ಚಿಕ್ಕಬಳ್ಳಾಪುರದ ಹುಡುಗ "ನಮ್ಮ ಕಡೆ ಎಷ್ಟು" ಅಂದರೆ ನಾನು ಯಾವ ಕಡೆ ಎಣಿಸಲಿ?

ಗಡಿಬಿಡಿ ಗೌಡ

ಸರಿ ಬಿಡಿ, ಅದೂ ಒಂದು ಪಾಯಿಂಟೇ. ಆದರೆ ಮಕ್ಕಳಿಗೆ ಶೌರ್ಯ ಬೇಡವಾ? ಎಲ್ಲಾ ಅಳುವುದೇ ಹೇಳಿಕೊಟ್ಟರೆ ಹೇಗೆ? ನಾವು ಚಿಕ್ಕವರಿದ್ದಾಗ ಒನಕೆ ಓಬವ್ವನ ಪಾಠ ಕೇಳಿ ಮನೆಯಲ್ಲಿ ಒನಕೆ ಹುಡುಕಿದವರು.

ಬಾಗೇಪಲ್ಲಿ ಮಿಸ್ಸು

ಈಗ ಒನಕೆ ಹುಡುಕಲು ಮನೆಯಲ್ಲಿ ಒನಕೆಯೇ ಇಲ್ಲ. ಅದನ್ನೇ ಮೊದಲು ಚಿತ್ರ ಬರೆದು ತೋರಿಸಬೇಕು.

ಹುಣಸೆಮರ

ಬಿಎಡ್ ಕಾಲದಲ್ಲಿ ಚಿತ್ರದುರ್ಗ ಬಿದ್ದ ಕಥೆ ಹೇಳುವ ತರಾಸು ಅವರ ಕಾದಂಬರಿ ದುರ್ಗಾಸ್ತಮಾನ ನಮ್ಮ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರೇ ಇರಲಿಲ್ಲ. ಚಿತ್ರದುರ್ಗ 1779ರಲ್ಲಿ ಹೈದರನ ಕೈಗೆ ಹೋಯಿತು ಅಂತ ಎಲ್ಲರಿಗೂ ಗೊತ್ತು. ಕೊನೆ ಗೊತ್ತಿದ್ದೂ ಜನ ಓದುತ್ತಾರೆ. ನಾನು ಮಕ್ಕಳಿಗೂ ಮೊದಲೇ ಹೇಳಿಬಿಡುತ್ತೇನೆ: ಕೋಟೆ ಬೀಳುತ್ತದೆ. ಈಗ ಓದೋಣ. ಆಗ ಯಾರು ಗೆಲ್ಲುತ್ತಾರೆ ಅನ್ನುವ ಚಡಪಡಿಕೆ ಹೋಗುತ್ತದೆ. ಸ್ಕೋರೂ ಹೋಗುತ್ತದೆ.

ತುಮಕೂರಿನವರಿಗೆ ಇನ್ನೊಂದು ಅನುಕೂಲ. ಬೆಂಗಳೂರು ಬಸ್ಸಿನಲ್ಲಿ ಹೋಗುವಾಗ ದಾಬಸ್‌ಪೇಟೆ ಹತ್ತಿರ ಕಾಣುವ ನಿಜಗಲ್ಲು ಬೆಟ್ಟ. 1770ರಲ್ಲಿ ಪೇಶ್ವೆ ಮಾಧವರಾಯ ಅದನ್ನು ಮುತ್ತಿದಾಗ ಗೋಡೆ ಹತ್ತಿದವರು ಚಿತ್ರದುರ್ಗದ ನಾಯಕರ ಬೇಡರು. ಒಳಗಿದ್ದದ್ದು ಹೈದರನ ಸೈನ್ಯ. ಹೆದ್ದಾರಿಯಲ್ಲಿ ಟೀ ಕುಡಿಯುತ್ತಾ ತೋರಿಸಬಹುದು.

ಮುಳಬಾಗಿಲು ಹುಡುಗ

ನಮ್ಮೂರನ್ನು ಯಾಕೆ ಬಿಟ್ಟಿರಿ? ಮೊದಲ ಮೈಸೂರು ಯುದ್ಧ, 1768ರ ಅಕ್ಟೋಬರ್ 4, ಮುಳಬಾಗಿಲು. ಇಂಗ್ಲಿಷರ ಕರ್ನಲ್ ವುಡ್‌ನ ಸೈನ್ಯ ಹೈದರನ ಕೈಯಲ್ಲಿ ಸಿಕ್ಕಿ ಒದ್ದಾಡುತ್ತಿತ್ತು. ಬ್ರೂಕ್ ಅನ್ನುವ ಕ್ಯಾಪ್ಟನ್ ನಾಲ್ಕು ತುಕಡಿ ಕಟ್ಟಿಕೊಂಡು ಬಂಡೆ ಹತ್ತಿ "ಸ್ಮಿತ್! ಸ್ಮಿತ್!" ಅಂತ ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯ ಬಂದೇಬಿಟ್ಟಿತು ಅಂದುಕೊಂಡು ಎದುರಿನವರು ತಡವರಿಸಿದರು. ಸ್ಮಿತ್ ಅಲ್ಲೆಲ್ಲೂ ಇರಲೇ ಇಲ್ಲ.

ಇದನ್ನು ಟ್ಯೂಷನ್ ಹುಡುಗರಿಗೆ ಹೇಳಿದೆ. ಆಮೇಲೆ ಒಂದು ವಾರ ಕಬಡ್ಡಿಯಲ್ಲಿ ಸೋಲುವ ತಂಡ "ಪಿಟಿ ಸಾರ್ ಬಂದ್ರು!" ಅಂತ ಕೂಗಿದ್ದೇ ಕೂಗಿದ್ದು.

ಶಿಡ್ಲಘಟ್ಟ ಗೂಡು

ಸೂಪರ್ ಗುರು.

ರಾಕೆಟ್ ರಾಜ

ಯುದ್ಧ ಹೇಳಿಕೊಟ್ಟು ರಾಕೆಟ್ ಹೇಳಿಕೊಡದಿದ್ದರೆ ಹೇಗೆ? ಮೈಸೂರಿನವರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಉದ್ದ ಬಿದಿರಿಗೆ ಕಟ್ಟಿ ಬಿಡುತ್ತಿದ್ದರು. ಬೇರೆಯವರದ್ದು ಕಾಗದ, ಬಿದಿರಿನ ಕೊಳವೆ, ಬೇಗ ಒಡೆಯುತ್ತಿತ್ತು. ಕಬ್ಬಿಣ ಒತ್ತಡ ತಡೆಯುತ್ತದೆ, ಅದಕ್ಕೆ ದೂರ ಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಂದ ಇಂಗ್ಲೆಂಡಿಗೆ ಹೋದ ರಾಕೆಟ್ಟುಗಳನ್ನು ನೋಡಿಯೇ ಅಲ್ಲಿನ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. ಇದನ್ನು ಬಿಟ್ಟು ಅಳುವುದು ನಗುವುದು ಅಂತ ಕೂತಿದ್ದೀರಿ.

ಬಾಗೇಪಲ್ಲಿ ಮಿಸ್ಸು

ಅದು ವಿಜ್ಞಾನದ ಪೀರಿಯಡ್ಡಿಗೆ ರಾಜಣ್ಣ. ಕನ್ನಡದ ಮೇಷ್ಟ್ರಿಗೆ ಆ ರಾಕೆಟ್ ಬಿದ್ದ ಜಾಗದ ಕಥೆ ಬೇಕು.

ಮಾಜಿ ಹವಾಲ್ದಾರ್, ಶಿರಾ

ಮೇಷ್ಟ್ರೇ, ನಾನು 17 ವರ್ಷ ಸೇನೆಯಲ್ಲಿದ್ದೆ. ಓದಿದ್ದು ಪಿಯುಸಿ ತನಕ. ಕಾದಂಬರಿಗಳಲ್ಲಿ ನನಗೆ ಸುಳ್ಳು ಅನ್ನಿಸುವುದು ಒಂದೇ. ಮೊದಲ ಪುಟದಿಂದ ಕೊನೆ ಪುಟದವರೆಗೆ ಹೊಡೆದಾಟ ಇರುತ್ತದೆ. ಹಾಗೆ ಇರುವುದಿಲ್ಲ. ಕಾಯುವುದೇ ಕೆಲಸ. ನೀರು ಹೊರುವುದು, ಕಾಲುಚೀಲ ಒಣಗಿಸುವುದು, ಊರಿನ ಕಾಗದ ಬಂತಾ ಅಂತ ಕೇಳುವುದು. ಹೊಡೆದಾಟ ಅಂದರೆ ಸ್ವಲ್ಪ ಹೊತ್ತು. ಅದರ ಹಿಂದೆ ಮುಂದೆ ತಿಂಗಳುಗಟ್ಟಲೆ ಇದು.

ಆ ಹುಡುಗಿಗೆ ಹೇಳಿ, ಅವಳ ಅಣ್ಣ ಈಗ ಬಹುಶಃ ಬೂಟಿಗೆ ಪಾಲಿಶ್ ಹಾಕುತ್ತಿರುತ್ತಾನೆ. ತಮಾಷೆಗಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಹಾಗೆ ಹೇಳಿದರೆ ಅವಳಿಗೆ ಸಮಾಧಾನ ಆಗುತ್ತದೆ.

ಕೋಲಾರದ ಅಮ್ಮ

ಹವಾಲ್ದಾರ್ ಸಾರ್, ಇಂಥದ್ದು ಪಾಠದಲ್ಲಿ ಇದ್ದರೆ ನನ್ನ ತಕರಾರು ಏನೂ ಇಲ್ಲ.

ಹುಣಸೆಮರ

ಹವಾಲ್ದಾರರ ಮಾತಿಗೆ ಸೇರಿಸುತ್ತೇನೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರವೇ ಹೋಗಿ ವಾಪಸ್ ಬಂದ. ಯಾಕೆ? ಎತ್ತುಗಳು ಸತ್ತವು. ದಾರಿಯಲ್ಲಿ ಟಿಪ್ಪುವಿನ ಕಡೆಯವರು ಮೇವು ಸುಟ್ಟಿದ್ದರು. ಮೇಲೆ ಮಳೆ, ರೋಗ. ಕೋಟೆ ಒಡೆಯಲು ತಂದ ದೊಡ್ಡ ತೋಪುಗಳನ್ನು ಎಳೆಯಲು ಎತ್ತಿಲ್ಲದೆ ತನ್ನ ಕೈಯಾರೆ ಹಾಳು ಮಾಡಿ ಹೊರಟ. ಕಾಳು ಕಡಿ ತಂದುಕೊಡುತ್ತಿದ್ದದ್ದು ಬಂಜಾರರು, ಹೇರೆತ್ತುಗಳ ಮೇಲೆ. ಮೈಸೂರಿನ ಕಡೆಯೂ ಅಷ್ಟೇ. ಹೈದರ್, ಟಿಪ್ಪು ಅಷ್ಟು ಬೇಗ ಓಡಾಡುತ್ತಿದ್ದದ್ದು ಅಮೃತಮಹಲ್ ತಳಿಯ ಎತ್ತುಗಳ ಬಲದಿಂದ. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದ ಅರಮನೆಯ ದನಗಳ ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟದ್ದು ಟಿಪ್ಪು.

ಕಾದಂಬರಿಯಲ್ಲಿ ಕುದುರೆ ಮುಖಪುಟಕ್ಕೆ ಬರುತ್ತದೆ. ಕೆಲಸ ಮಾಡಿದ್ದು ಎತ್ತು.

ತಟ್ಟೆ ಇಡ್ಲಿ ತುಮಕೂರು

ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಹುಡುಗರಿದ್ದಾರೆ ನಮ್ಮಲ್ಲಿ. ಅವರಿಗೆ ಈ ಪಾಠ ಬಿಟ್ಟುಕೊಡಿ, ನೀವು ಕೂತು ಕೇಳಿ.

ಬೆಟ್ಟದ ಕೆಳಗಿನ ಮೇಷ್ಟ್ರು

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಾದಂಬರಿಯಲ್ಲಿ ಒಬ್ಬ ಗಾಡಿ ಹೊಡೆಯುವವನು ಬರುತ್ತಾನೆ, ಎರಡು ಅಧ್ಯಾಯಕ್ಕೆ ಮಾಯ ಆಗುತ್ತಾನೆ. ನಾಳೆ ಅವನನ್ನೇ ಹಿಡಿಯುತ್ತೇನೆ.

ರೈಲ್ವೆ ಗೇಟ್

ನಂದಿ ಕೋಟೆ ಬಿದ್ದದ್ದು 1792 ಅಲ್ವಾ? ಬೆಟ್ಟದ ಅಂಚಿನ ಟಿಪ್ಪು ಡ್ರಾಪ್ ಬಂಡೆಯಿಂದ ಕೈದಿಗಳನ್ನು ತಳ್ಳುತ್ತಿದ್ದರಲ್ಲ, ಅದೂ ಪುಸ್ತಕದಲ್ಲಿ ಇದೆಯಾ?

ಹುಣಸೆಮರ

1791ರ ಅಕ್ಟೋಬರ್ 19, ಬೆಳಗಿನ ಜಾವ. ಸುಮಾರು ಮೂರು ವಾರದ ಮುತ್ತಿಗೆ. 1792 ಅಂದರೆ ಶ್ರೀರಂಗಪಟ್ಟಣದ ಒಪ್ಪಂದ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟದ್ದು. ಡ್ರಾಪಿನ ಕಥೆ ಬೆಟ್ಟದ ಮೇಲೆ ಸೌತೆಕಾಯಿ ಮಾರುವವರಿಂದ ಹಿಡಿದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುವುದು ಒಂದು, ದಾಖಲೆ ಇನ್ನೊಂದು. ಈ ವ್ಯತ್ಯಾಸ ಹೇಳಿಕೊಡಲು ಆ ಬಂಡೆಗಿಂತ ಒಳ್ಳೆಯ ಜಾಗ ಇಲ್ಲ.

ಶಿಡ್ಲಘಟ್ಟ ಗೂಡು

ವ್ಯತ್ಯಾಸ ಅಂದಿರಲ್ಲ, ನನ್ನ ಗೋಳು ಕೇಳಿ. ಹೋದ ವರ್ಷ ಒಂದು ಚಿಕ್ಕ ಐತಿಹಾಸಿಕ ಕಾದಂಬರಿ ಓದಿಸಿದೆ. ಎಸ್‌ಎ-1 ಪರೀಕ್ಷೆಯಲ್ಲಿ ಸಮಾಜ ವಿಜ್ಞಾನದ ಪತ್ರಿಕೆಗೆ ಒಬ್ಬ ಕಾದಂಬರಿಯ ನಾಯಕನನ್ನೇ ಸೇನಾಪತಿ ಅಂತ ಬರೆದ. ಹೆಸರು, ವಯಸ್ಸು, ಅವನ ಪ್ರೇಯಸಿಯ ಹೆಸರು ಸಮೇತ. ಸಮಾಜದ ಮೇಷ್ಟ್ರು ಪತ್ರಿಕೆ ತಂದು ನನ್ನ ಟೇಬಲ್ ಮೇಲೆ ಇಟ್ಟು ಏನೂ ಮಾತಾಡದೆ ಹೋದರು.

ಈಗ ಪುಸ್ತಕದ ಜೊತೆ ಎರಡು ಬಣ್ಣದ ಪೆನ್ಸಿಲ್ ಕೊಡುತ್ತೇನೆ. ನಿಜವಾಗಿ ಇದ್ದವರಿಗೆ ನೀಲಿ, ಲೇಖಕರು ಹುಟ್ಟಿಸಿದವರಿಗೆ ಕೆಂಪು. ಗೊತ್ತಾಗದಿದ್ದರೆ ಬಿಡಿ, ಆಮೇಲೆ ಹುಡುಕೋಣ. ಗ್ರಂಥಾಲಯದ ಪುಸ್ತಕಕ್ಕೆ ಗೀಚಬೇಡಿ ಅಂತ ಮಾತ್ರ ಮೊದಲೇ ಹೇಳಿ. ಆ ಗಲಾಟೆಯೂ ಆಗಿದೆ.

ಮುಳಬಾಗಿಲು ಹುಡುಗ

ನೀಲಿ ಪೆನ್ಸಿಲಿಗೆ ಒಂದು: ನಂದಿಗೆ ಲಗ್ಗೆ ಹಾಕುವಾಗ ಯಾರೋ "ಮೈನ್! ಮೈನ್!" ಅಂತ ಕೂಗಿದರಂತೆ. ನೆಲದಲ್ಲಿ ಮದ್ದು ಹೂತಿದ್ದಾರೆ ಅಂತ. ಜನರಲ್ ಮೆಡೋಸ್ "ಮೈನ್ ಇದ್ದರೆ ಅದು ಚಿನ್ನದ ಮೈನು" ಅಂದನಂತೆ. ಇಂಗ್ಲಿಷಿನಲ್ಲಿ ಗಣಿಗೂ ಅದೇ ಪದ. ಕೋಲಾರದ ಕಡೆಯವರು ಇದಕ್ಕೆ ನಗಲೇಬೇಕು.

ಬಂಗಾರಪೇಟೆ ಪ್ಯಾಸೆಂಜರ್

ಚಿನ್ನದ ಗಣಿ ನಮ್ಮಲ್ಲಿ, ಹುಡುಕಿದ್ದು ನಂದಿಯಲ್ಲಿ. ಹೈದರ್ ಹುಟ್ಟಿದ ಬೂದಿಕೋಟೆಯೂ ನಮ್ಮದೇ ತಾಲ್ಲೂಕು ಅಂತ ಸುಮ್ನೆ ನೆನಪು ಮಾಡುತ್ತಿದ್ದೇನೆ.

ಬೆಟ್ಟದ ಕೆಳಗಿನ ಮೇಷ್ಟ್ರು

ಹತ್ತು ದಿನ ಆಯಿತು. ಏನಾಯಿತು ಅಂತ ಹೇಳಿಬಿಡುತ್ತೇನೆ.

ಲಗ್ಗೆಯ ಅಧ್ಯಾಯ ಮತ್ತೆ ಓದಿದೆವು, ಆದರೆ ಕೆಳಗಿನಿಂದ. ಮೇಲಿನವರು ದೊಡ್ಡ ದೊಡ್ಡ ಬಂಡೆ ಉರುಳಿಸುತ್ತಿದ್ದರು ಅಂತ ಅದರಲ್ಲಿ ಒಂದು ಸಾಲು ಇದೆ. ಇದು ನೀಲಿ ಪೆನ್ಸಿಲ್, ದಾಖಲೆಯಲ್ಲೂ ಇದೆ. ಮಕ್ಕಳನ್ನು ಕಿಟಕಿ ಹತ್ತಿರ ಕರೆದು ಬೆಟ್ಟ ನೋಡಿ ಅಂದೆ. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವರ ಮಗ ಒಬ್ಬ ಇದ್ದಾನೆ, ಯಾವತ್ತೂ ಬಾಯಿ ಬಿಡದವನು. ಅವನು ಹೇಳಿದ: "ಕಲ್ಲು ನೇರ ಬರಲ್ಲ ಸಾರ್. ಇನ್ನೊಂದು ಕಲ್ಲಿಗೆ ಬಡಿದು ಪಕ್ಕಕ್ಕೆ ಹಾರುತ್ತೆ. ಎಲ್ಲಿ ಹಾರುತ್ತೆ ಅಂತ ಬಿಟ್ಟವನಿಗೂ ಗೊತ್ತಿರಲ್ಲ." ಶಿಳ್ಳೆ ಹೊಡೆದವರು ಬೆಟ್ಟವನ್ನೇ ನೋಡುತ್ತಾ ನಿಂತಿದ್ದರು. ನಾನು ಏನೂ ಸೇರಿಸಲಿಲ್ಲ.

ಮಾರನೇ ದಿನ ಎತ್ತು. ಒಬ್ಬ ಹುಡುಗನ ಮನೆಯಲ್ಲಿ ಹಳ್ಳಿಕಾರ್ ಜೋಡಿ ಇದೆ. ಸ್ಕೋರ್ ಕೇಳಿದವನು ಇವನೇ. ಸೀಮೆಸುಣ್ಣ ಅವನ ಕೈಗೆ ಕೊಟ್ಟೆ. ಜೋಡಿಗೆ ದಿನಕ್ಕೆ ಒಂದು ಹೊರೆ ರಾಗಿ ಹುಲ್ಲು, ಕೆಲಸದ ದಿನ ಹುರುಳಿ ಬೇರೆ ಅಂತ ಬರೆದ. ಸಾವಿರ ಜೋಡಿಗೆ? ಒಂದು ತಿಂಗಳಿಗೆ? ಮೂವತ್ತು ಸಾವಿರ ಹೊರೆ ಅಂತ ಬಂದಾಗ ಕ್ಲಾಸು ಸುಮ್ಮನಾಯಿತು. "ಅಷ್ಟು ಹುಲ್ಲು ಎಲ್ಲಿಂದ ತರುತ್ತಾರೆ?" ಅಂತ ಒಬ್ಬಳು ಕೇಳಿದಳು. ಇನ್ನೊಬ್ಬಳು ಉತ್ತರ ಕೊಟ್ಟಳು, "ನಮ್ಮ ವಾಮೆಯಿಂದ". ಒಬ್ಬರು ತಗೊಂಡು ಹೋಗುತ್ತಾರೆ, ಅವರಿಗೆ ಸಿಗಬಾರದು ಅಂತ ಇನ್ನೊಬ್ಬರು ಬಂದು ಸುಡುತ್ತಾರೆ. ವಾಮೆಗೆ ಎರಡೂ ಒಂದೇ.

ಅಣ್ಣ ಸೇನೆಯಲ್ಲಿರುವ ಹುಡುಗಿಗೆ ಹವಾಲ್ದಾರ್ ಸಾರ್ ಬರೆದದ್ದನ್ನು ಓದಿ ಹೇಳಿದೆ. ಭಾನುವಾರ ಅಣ್ಣನಿಗೆ ಫೋನ್ ಮಾಡಿದಾಗ ಏನು ಮಾಡುತ್ತಿದ್ದೀಯ ಅಂತ ಕೇಳಿದಳಂತೆ. ಈರುಳ್ಳಿ ಹೆಚ್ಚುತ್ತಿದ್ದನಂತೆ. ಅದನ್ನು ಕ್ಲಾಸಿಗೆಲ್ಲಾ ಹೇಳಿ ನಕ್ಕಳು. ಪುಸ್ತಕ ಮತ್ತೆ ತೆಗೆದಿದ್ದಾಳೆ, ಆದರೆ ಲಗ್ಗೆಯ ಪುಟ ಬಂದಾಗ ಈಗಲೂ ಕಿಟಕಿ ಕಡೆ ನೋಡುತ್ತಾಳೆ. ನಾನು ಬಲವಂತ ಮಾಡಿಲ್ಲ.

ಎಲ್ಲಾ ಸರಿಹೋಯಿತು ಅಂತಲ್ಲ. ಹಿಂದಿನ ಬೆಂಚಿನಲ್ಲಿ ಇನ್ನೂ ಇಬ್ಬರು ಸ್ಕೇಲಿನಲ್ಲಿ ಕತ್ತಿವರಸೆ ಮಾಡುತ್ತಾರೆ. ಪಠ್ಯ ಎರಡು ಪಾಠ ಹಿಂದೆ ಬಿದ್ದಿದೆ, ಶಾಲೆ ನೋಡಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದರೆ ಏನು ಹೇಳುವುದೋ ಗೊತ್ತಿಲ್ಲ.

ಆದರೆ ಒಂದು ಪ್ರಶ್ನೆಗೆ ಸಿಕ್ಕಿಬಿದ್ದಿದ್ದೇನೆ. ಹಳ್ಳಿಕಾರ್ ಹುಡುಗ ಬೆಲ್ ಹೊಡೆದ ಮೇಲೆ ಬಂದು ಕೇಳಿದ: "ಸಾರ್, ಗಾಡಿಯವನ ಎತ್ತು ಸತ್ತರೆ ಅವನಿಗೆ ದುಡ್ಡು ಕೊಟ್ಟರಾ?" ಕಾದಂಬರಿಯಲ್ಲಿ ಇಲ್ಲ. ಪಠ್ಯಪುಸ್ತಕದಲ್ಲಿ ಇಲ್ಲ. ದಿನಾ ಕೇಳುತ್ತಾನೆ.

ರಾಕೆಟ್ ರಾಜ

ಒಪ್ಪಿದೆ ಮೇಷ್ಟ್ರೇ. ರಾಕೆಟ್ಟನ್ನೂ ಆ ಗಾಡಿಯಲ್ಲೇ ತಂದಿರಬೇಕು.

ಕೋಲಾರದ ಅಮ್ಮ

ಈರುಳ್ಳಿ ಓದಿ ಕಣ್ಣಲ್ಲಿ ನೀರು ಬಂತು. ಮಗಳಿಗೂ ಓದಿ ಹೇಳಿದೆ.

ಮಾಜಿ ಹವಾಲ್ದಾರ್, ಶಿರಾ

ಹಳೇ ಕಾಲದ್ದು ನನಗೆ ಗೊತ್ತಿಲ್ಲ ಮೇಷ್ಟ್ರೇ. ನಮ್ಮ ಕಾಲದ್ದು ಹೇಳುತ್ತೇನೆ. ಮೇಲಿನ ಪೋಸ್ಟುಗಳಿಗೆ ಸಾಮಾನು ಹೊರಲು ಹೇಸರಗತ್ತೆ ಇರುತ್ತಿದ್ದವು. ಒಂದೊಂದಕ್ಕೂ ನಂಬರು. ಒಂದು ಜಾರಿ ಬಿದ್ದು ಸತ್ತಾಗ ರಿಜಿಸ್ಟರಿನಲ್ಲಿ ಬರೆದರು, ನಾನೇ ಸಾಕ್ಷಿ ರುಜು ಹಾಕಿದ್ದೆ. ಅದನ್ನು ನೋಡಿಕೊಳ್ಳುತ್ತಿದ್ದವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಹುಡುಗನಿಗೆ ಇದನ್ನು ಹೇಳಿ. ಅವನ ಪ್ರಶ್ನೆಗೆ ಇದು ಉತ್ತರ ಅಲ್ಲ, ಆದರೂ ಹೇಳಿ.

ಬೆಟ್ಟದ ಕೆಳಗಿನ ಮೇಷ್ಟ್ರು

ನಾಳೆ ಮೊದಲನೇ ಪೀರಿಯಡ್ಡಿನಲ್ಲೇ ಹೇಳುತ್ತೇನೆ ಸಾರ್. ನಂಬರು ಎಲ್ಲಿ ಹಾಕುತ್ತಿದ್ದರು ಅಂತ ಖಂಡಿತ ಕೇಳುತ್ತಾನೆ.

ಮಾಜಿ ಹವಾಲ್ದಾರ್, ಶಿರಾ

ಗೊರಸಿನ ಮೇಲೆ.

ತಟ್ಟೆ ಇಡ್ಲಿ ತುಮಕೂರು

ಮೇಷ್ಟ್ರೇ ಒಂದು ತಿದ್ದುಪಡಿ. ವಾಮೆ ಅಲ್ಲ, ಬಣವೆ.

ಬಾಗೇಪಲ್ಲಿ ಮಿಸ್ಸು

ನಮ್ಮ ಕಡೆ ವಾಮೆಯೇ. ಇದಕ್ಕೆ ಬೇರೆ ಚರ್ಚೆ ತೆಗೆಯಿರಿ.